ಚಿತ್ತಪ್ಪ ಗೆದ್ದ ಎಪ್ಪತ್ತೊಂಬತ್ತು ದಿನ

ಚಿತ್ತಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ದಿನ. ಬೆಳಿಗ್ಗೆ ಐಮಂಗಲದಲ್ಲಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಮಗಳು ದೀಪಾ ಕಬಡ್ಡಿ ಆಡುವುದನ್ನು ಕಣ್ಣಾರೆ ನೋಡಿ, ಕುರಿಗಳು ರೊಪ್ಪಕ್ಕೆ ಬರುವ ಹೊತ್ತಿಗೆ ಹಟ್ಟಿಗೆ ತಿರುಗಿ ಬಂದರೆ ಸಾಕಿತ್ತು.

ದೀಪಾ ದುರ್ಗದ ಕಾಲೇಜಿನಲ್ಲಿ ಎರಡನೆಯ ವರ್ಷದ ಡಿಗ್ರಿ ಓದುತ್ತಿದ್ದಳು. ಊರಲ್ಲಿದ್ದಾಗ ಒಂದು ಕೊಡ ನೀರು ಹೊತ್ತರೆ ಸೊಂಟ ಬಳುಕುತ್ತಿದ್ದ ಹುಡುಗಿ, ಅಂಗಳದಲ್ಲಿ ಇಳಿದರೆ ಹಿಡಿಯಲು ಬಂದ ಏಳು ಜನರ ಕೈಯಿಂದ ಕೆರೆಯ ಮೀನಿನ ಹಾಗೆ ಜಾರಿಕೊಂಡು ಬರುತ್ತಾಳಂತೆ. ಇದನ್ನು ಚಿತ್ತಪ್ಪ ನೋಡಿದ್ದು ಮೊಬೈಲಿನಲ್ಲಿ ಮಾತ್ರ, ಅದೂ ವಿಡಿಯೊ ತೆಗೆದ ಗೆಳತಿಯ ಹೆಬ್ಬೆರಳು ಅರ್ಧ ಅಂಗಳ ಮುಚ್ಚಿಕೊಂಡಿದ್ದ ವಿಡಿಯೊದಲ್ಲಿ. ಎರಡು ವರ್ಷದಿಂದ ಮಗಳು ಕರೆಯುತ್ತಲೇ ಇದ್ದಳು, ಕುರಿ ಬಿಟ್ಟು ಇವನಿಗೆ ಹೋಗಲಾಗಿರಲಿಲ್ಲ. ಈ ಸಲ ಫೋನಿನಲ್ಲಿ, "ನಾಡಿದ್ದು ಫೈನಲ್ ಐತೆ ಅಪ್ಪ. ನೀನು ಬರಲ್ಲ ಅಂತ ಗೊತ್ತು, ಸುಮ್ನೆ ಹೇಳ್ದೆ" ಅಂದಿದ್ದಳು. ಬಾ ಎಂದು ಹಟ ಮಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ 'ಸುಮ್ನೆ ಹೇಳ್ದೆ' ಎನ್ನುವ ಮಾತು ಮಾತ್ರ ಜಾಲಿಮುಳ್ಳಿನ ಹಾಗೆ ಮುರಿದು ಒಳಗೇ ಉಳಿಯಿತು.

ಕುರಿ ಸಾಕುವ ಆ ಹಟ್ಟಿಯಲ್ಲಿ ಒಬ್ಬರ ಕುರಿಯನ್ನು ಇನ್ನೊಬ್ಬರು ಒಂದು ದಿನ ಕಾಯ್ದುಕೊಡುವ ರೂಢಿ ಇತ್ತು. ಹಾಗೆ ಕಾಯ್ದುಕೊಡುವುದರಲ್ಲಿ ಚಿತ್ತಪ್ಪನದು ಎತ್ತಿದ ಕೈ. ಪಕ್ಕದ ಮನೆಯ ಬೀರಪ್ಪನ ಬಾಮೈದನ ಗೃಹಪ್ರವೇಶಕ್ಕೆ ಇವನೇ ಕಾಯ್ದ. ಹಿರಿಯರಾದ ರೇವಣಸಿದ್ದಪ್ಪನವರ ಕಣ್ಣಿನ ಪೊರೆ ತೆಗೆಸಿದಾಗ ಇವನೇ ಕಾಯ್ದ. ಯಾರು ಕೇಳಿದರೂ "ಆಗ್ಲಿ ಬಿಡು" ಎನ್ನುವುದು ಅವನ ಬಾಯಲ್ಲಿ ಕೆಮ್ಮಿನ ಹಾಗೆ ತಾನಾಗಿ ಬಂದುಬಿಡುತ್ತಿತ್ತು. ತನಗಾಗಿ ಕೇಳುವ ಹೊತ್ತು ಬಂದರೆ ಮಾತ್ರ ಸಾರಿಲ್ಲದೆ ನುಂಗಿದ ಮುದ್ದೆಯ ಹಾಗೆ ಮಾತು ಗಂಟಲಲ್ಲಿ ನಿಂತುಬಿಡುತ್ತಿತ್ತು.

ಆದರೂ ಫೋನು ಬಂದ ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ಬೀರಪ್ಪನ ಜಗಲಿಯ ಮುಂದೆ ನಿಂತ.

"ನಾಳೆ ಏನಾರ ಕೆಲ್ಸ ಐತಾ ಬೀರಣ್ಣ?"

ಬೀರಪ್ಪ ಅನುಭವಸ್ಥ. ಇಂಥ ಪ್ರಶ್ನೆಯ ಹಿಂದೆ ಏನು ಬರುತ್ತದೆ ಎಂದು ಮೋಡದ ವಾಸನೆಯಲ್ಲೇ ಮಳೆ ಹೇಳುವವರ ಹಾಗೆ ತಿಳಿದುಕೊಂಡ. "ಐತಲ್ಲಪ್ಪ. ಹಿರಿಯೂರಿಗೆ ಹೋಗ್ಬೇಕು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡೋದೈತೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ" ಅಂದ ಚಿತ್ತಪ್ಪ.

ರೇವಣಸಿದ್ದಪ್ಪನವರು ಅವನು ಬಾಯಿ ಬಿಡುವ ಮೊದಲೇ ಮಂಡಿ ತಿಕ್ಕಿಕೊಂಡು, "ಡಾಕ್ಟ್ರು ನಡೀಲೇಬೇಡಿ ಅಂದಾರಪ್ಪ" ಎಂದರು. ಸರ್ವಿಸ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ದುರುಗೇಶನೂ ಇವನ ಮುಖ ಕಂಡೊಡನೆ, "ಅಂಗ್ಡಿ ಬಿಟ್ಟು ಎಲ್ಲಿಗೆ ಬರಾಣ ಚಿತ್ತಣ್ಣ" ಎಂದ. ಅವನ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರಕ್ಕಿಂತ ಮೊಬೈಲಿಗೇ ಕೆಲಸ ಜಾಸ್ತಿ.

ಚಿತ್ತಪ್ಪ ಮತ್ತೆ ಯಾರನ್ನೂ ಕೇಳದೆ ಕುರಿ ಹೊಡೆದುಕೊಂಡು ಊರಾಚೆಯ ಬೋರೆಗುಡ್ಡದ ಕಡೆ ಹೊರಟ.

ಮಧ್ಯಾಹ್ನ ಬೋರೆಯ ಮೇಲಿನ ಹೊಂಗೆಮರದ ನೆರಳಿಗೆ ಬಂದು ನೋಡುತ್ತಾನೆ, ಮೂವರೂ ಅಲ್ಲೇ ಇದ್ದಾರೆ. ನಡೆಯಲೇಬಾರದ ಮಂಡಿಯವರು ಅಷ್ಟು ಏರು ಹತ್ತಿ ಬಂದಿದ್ದರು. ಮೂವರ ಜೊತೆಯಲ್ಲೂ ಕುರಿ ಇರಲಿಲ್ಲ. ನಡುವೆ ಟವಲು ಹಾಸಿ ದುರುಗೇಶ ಇಸ್ಪೀಟು ಕಲಸುತ್ತಿದ್ದ.

"ಬರ್ರಿ ಚಿತ್ತಣ್ಣ, ಕುಂತ್ಕಳ್ರಿ. ಮೂರೆಲೆ ಆಡಿ ಆಡಿ ಸಾಕಾತು. ಇವತ್ತು ಹೊಸ ಆಟ, ಪೋಕರ್ ಅಂತ. ಮೊಬೈಲ್ನಾಗೆ ತಿಂಗ್ಳಿಂದ ನೋಡ್ತಾ ಇದೀನಿ."

"ನನ್ತಾವ ದುಡ್ಡಿಲ್ಲ" ಎಂದ ಚಿತ್ತಪ್ಪ.

"ದುಡ್ಡಿಟ್ಟು ಆಡಿದ್ರೆ ಪೊಲೀಸ್ರು ಬಂದು ಮೆರವಣಿಗೆ ಮಾಡ್ತಾರೆ" ಎಂದರು ರೇವಣಸಿದ್ದಪ್ಪ. "ಅದೇ ಮಾತಾಡ್ತಿದ್ವಿ. ಏನಿಟ್ಟು ಆಡೋದು ಅಂತ."

ದುರುಗೇಶ ಚಿತ್ತಪ್ಪನ ಮುಖ ನೋಡಿದ. ಬೆಳಿಗ್ಗೆ ಮೂರು ಕಡೆಯೂ ನಿಂತು ಕೇಳಬೇಕಾದ್ದು ಕೇಳದೆ ಹೋದವನ ಸಂಕಟ ಅವನಿಗೆ ತಿಳಿದೇ ಇತ್ತು. "ದಿನ ಇಡಾಣ" ಎಂದ. "ಒಂದು ಹೊಂಗೆಬೀಜ ಅಂದ್ರೆ ಒಂದು ದಿನ. ಸೋತೋನು ಗೆದ್ದೋನ ಕುರೀನ ಅಷ್ಟು ದಿನ ಕಾಯ್ಬೇಕು. ನೋಡ್ರಿ ಚಿತ್ತಣ್ಣ, ಬೇಡಿದ್ರೆ ಇಲ್ಲ ಅಂತಾರೆ. ಗೆದ್ರೆ ಕೊಡ್ಲೇಬೇಕು."

ಚಿತ್ತಪ್ಪ ಕೂತ. ಕೆಳಗೆ ಇಳಿಜಾರಿನಲ್ಲಿ ಅವನ ಕುರಿಗಳು ಮೇಯುತ್ತಿದ್ದವು. ಅದಕ್ಕೂ ಕೆಳಗೆ ರೇವಣಸಿದ್ದಪ್ಪನವರ ಶೇಂಗಾ ಹೊಲ, ಅದರಾಚೆ ಲಾರಿಗಳು ಓಡುವ ಹೆದ್ದಾರಿ.

ಮರದ ಬುಡದಲ್ಲಿ ಉದುರಿದ್ದ ಹೊಂಗೆಬೀಜ ಆರಿಸಿ ತಲೆಗೆ ಮೂವತ್ತು ಹಂಚಿಕೊಂಡರು. ಮೂವತ್ತು ಬೀಜ, ಒಂದು ತಿಂಗಳ ದುಡಿಮೆ. ದುರುಗೇಶ ಆಟ ಹೇಳಿಕೊಟ್ಟ. ಕೈಯಲ್ಲಿ ಎರಡೆರಡು ಎಲೆ, ಟವಲಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಎರಡನ್ನೂ ಕೂಡಿಸಿ ಯಾರ ಕೂಟ ದೊಡ್ಡದೋ ಅವರಿಗೆ ರಾಶಿ. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರೆಲೆ ದೊಡ್ಡದು. ಇಷ್ಟು ಎಲ್ಲರಿಗೂ ತಿಳಿಯಿತು. ತೊಡಕಾದದ್ದು ಪಣ ಕಟ್ಟುವ ಕಾನೂನು.

ಮೊದಲ ಸುತ್ತಿನಲ್ಲಿ ಚಿತ್ತಪ್ಪ ಒಂದು ಬೀಜ ಮುಂದಿಟ್ಟ.

"ಒಂದು ಆಗಲ್ಲ. ಕಮ್ಮಿ ಅಂದ್ರೆ ಎರಡು" ಎಂದ ದುರುಗೇಶ.

"ನನಗೆ ಬೇಕಿರೋದೇ ಒಂದು ದಿನ ಕಣಪ್ಪ."

"ಆಟಕ್ಕೆ ಅದು ಗೊತ್ತಿಲ್ವಲ್ಲ."

ಚಿತ್ತಪ್ಪ ಎರಡು ಇಟ್ಟ. ಇಟ್ಟಮೇಲೆ ಯಾಕೋ ಹುಮ್ಮಸ್ಸು ಬಂದು ಇನ್ನೂ ಎರಡು ತೆಗೆದ. ದುರುಗೇಶ ಅವನ ಕೈ ಹಿಡಿದುಕೊಂಡ. "ಕಂತು ಕಂತಲ್ಲಿ ಹಾಕಂಗಿಲ್ಲ. ಹಾಕೋದಿದ್ರೆ ಒಂದೇ ಸಲ, ಇಲ್ಲಾ ಮೊದ್ಲೇ ಬಾಯಲ್ಲಿ ಹೇಳ್ಬೇಕು. ಬಾಯಲ್ಲಿ ಬಂದದ್ದು ಬಂದಂಗೆ. ಆಮೇಲೆ ಇಲ್ಲ ಅನ್ನಂಗಿಲ್ಲ."

"ಇದಕ್ಕೆ ನೋ ಲಿಮಿಟ್ ಅಂತ ಹೆಸ್ರು ಅಂದ್ಯಲ್ಲ" ಎಂದರು ರೇವಣಸಿದ್ದಪ್ಪ. "ಮಿತಿ ಇಲ್ಲ ಅಂದ್ಮೇಲೆ ಇಷ್ಟು ಮಿತಿ ಯಾಕಪ್ಪ?"

"ಮೇಲಕ್ಕೆ ಮಿತಿ ಇಲ್ಲ ಮಾವ. ಎಷ್ಟಾರ ಹಾಕ್ಬೋದು. ಕೆಳಕ್ಕೆ ಮಾತ್ರ ಐತೆ."

ರೇವಣಸಿದ್ದಪ್ಪನವರು ಸ್ವಲ್ಪ ಹೊತ್ತು ಯೋಚಿಸಿದರು. ಬದುಕಿನಲ್ಲಿ ತಾವು ಕಂಡ ಮದುವೆ, ಮನೆ ಕಟ್ಟಿಸೋದು, ಕೋರ್ಟು ಕೇಸು ಎಲ್ಲ ಈ ಕಾನೂನಿನ ಮೇಲೆಯೇ ನಡೆದಿದ್ದವು ಎನಿಸಿರಬೇಕು. "ಸರಿ ಅನ್ಸುತ್ತೆ" ಎಂದು ಎಲೆ ಎತ್ತಿಕೊಂಡರು.

ಆಟ ಅತ್ತ ಇತ್ತ ಸಾಗಿತು. ಗುರುವೆನಿಸಿಕೊಂಡ ದುರುಗೇಶನೇ ರೇವಣಸಿದ್ದಪ್ಪನವರಿಗೆ ಹನ್ನೊಂದು ದಿನ ಸೋತ. ಬೀರಪ್ಪ, ಚಿತ್ತಪ್ಪ ಇಬ್ಬರೂ ಒಂದು ಸಲ ಕೊಟ್ಟು ಒಂದು ಸಲ ಪಡೆದು ಮತ್ತೆ ಮೂವತ್ತಕ್ಕೇ ಬಂದು ನಿಂತಿದ್ದರು. ಇನ್ನೊಂದೇ ಆಟ, ಆಮೇಲೆ ಏಳಾಣ ಎಂದರು.

ಆ ಆಟದಲ್ಲಿ ಚಿತ್ತಪ್ಪನ ಕೈಗೆ ಎರಡು ಏಳು ಬಂದವು. ಎಲ್ಲರೂ ಎರಡೆರಡು ಬೀಜ ಹಾಕಿದರು. ಟವಲಿನ ಮೇಲೆ ರಾಜ, ರಾಣಿ, ಮೂರು, ನಾಲ್ಕು ಎಂದು ನಾಲ್ಕು ಎಲೆ ಬಿದ್ದವು. ಕಡೆಯ ಎಲೆ ಒಂದು ಬಾಕಿ. ಬೀರಪ್ಪ ನಾಲ್ಕು ಬೀಜ ಮುಂದಕ್ಕೆ ನೂಕಿದ. ಮುಂದಿನ ಸರದಿ ಚಿತ್ತಪ್ಪನದು. ರಾಜ ರಾಣಿಯರ ಮುಂದೆ ತನ್ನ ಏಳುಗಳು ಬಡವರ ಮನೆಯ ಮಕ್ಕಳ ಹಾಗೆ ಕಂಡವು. ಎಲೆ ಇಟ್ಟು ಕೈತೊಳೆದುಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಅವನ ಕಣ್ಣು ಕೆಳಗೆ ಹೋಯಿತು. ದೊಡ್ಡ ಟಗರು ಬದು ಇಳಿದು ಶೇಂಗಾ ಹೊಲದ ಕಡೆ ಕತ್ತು ಚಾಚಿತ್ತು. ಅದರ ಹಿಂದೆ ಹತ್ತಾರು ಕುರಿ. ಚಿತ್ತಪ್ಪ ಎದ್ದು ನಿಂತು ಗಂಟಲು ಬಿಟ್ಟು ಕೂಗಿದ.

"ಹತ್ತು, ಲೇ, ಹತ್ತು. ಮೇಲಕ್ಕೆ ಹತ್ತು."

ಟಗರು ತಲೆಯೆತ್ತಿ ನೋಡಿ, ಯಜಮಾನನ ಮಾತು ಮೀರದೆ ಏರು ಹತ್ತಿತು. ಕುರಿಗಳೂ ಹತ್ತಿದವು. ಚಿತ್ತಪ್ಪ ಸಮಾಧಾನದಿಂದ ಕೂತು ನೋಡುತ್ತಾನೆ, ದುರುಗೇಶ ಅವನ ಗುಡ್ಡೆಯಿಂದ ಹತ್ತು ಬೀಜ ಎಣಿಸಿ ಟವಲಿನ ನಡುವೆ ಇಡುತ್ತಿದ್ದಾನೆ.

"ಇದೇನೋ?"

"ನೀವೇ ಹತ್ತು ಅಂದ್ರಲ್ಲ."

"ಟಗರಿಗೆ ಹತ್ತು ಅಂದೆ ಕಣೋ. ಏರು ಹತ್ತು ಅಂತ."

"ಯಾರಿಗೆ ಅಂದ್ರಿ ಅಂತ ಕಾನೂನು ಕೇಳಲ್ಲ ಚಿತ್ತಣ್ಣ. ನಿಮ್ಮ ಸರದೀಲಿ ನಿಮ್ಮ ಬಾಯಲ್ಲಿ ಬಂತು."

"ಮೂರು ಸಲ ಅಂದ" ಎಂದ ಬೀರಪ್ಪ. "ಲೆಕ್ಕದಲ್ಲಿ ಮೂವತ್ತಾಗ್ಬೇಕು."

"ಮೊದಲ್ನೇದು ಮಾತ್ರ ಹಿಡೀತದೆ. ಉಳಿದದ್ದು ಟಗರಿಗೇ ಇರ್ಲಿ" ಎಂದು ದುರುಗೇಶ ತೀರ್ಪು ಕೊಟ್ಟ. ಚಿತ್ತಪ್ಪ ಹತ್ತು ದಿನ ಕಟ್ಟಿದಂತಾಯಿತು.

ರೇವಣಸಿದ್ದಪ್ಪನವರಿಗೆ ಇದು ಸವಾಲಿನಂತೆ ಕಂಡಿತು. ಯಾವಾಗಲೂ ತಲೆ ತಗ್ಗಿಸುವ ಚಿತ್ತಪ್ಪ ಎದ್ದು ನಿಂತು ಹತ್ತು ಎಂದು ಕೂಗಿದ ಮೇಲೆ ತಾವು ಸುಮ್ಮನಿರುವುದು ಹೇಗೆ? "ನಾನೂ ಏರಿಸ್ತೀನಿ. ಹನ್ನೆರಡು" ಎಂದರು.

"ಹನ್ನೆರಡು ಆಗಲ್ಲ ಮಾವ. ಬೀರಣ್ಣನ ನಾಲ್ಕನ್ನ ಚಿತ್ತಣ್ಣ ಹತ್ತು ಮಾಡಿದ್ರು, ಅಂದ್ರೆ ಆರು ಏರಿಸಿದ್ರು. ಇನ್ಮೇಲೆ ಏರಿಸೋರು ಆರಾದ್ರೂ ಏರಿಸ್ಬೇಕು. ಹಿಂದಿನೋರಿಗಿಂತ ಕಮ್ಮಿ ಏರಿಸಂಗಿಲ್ಲ. ಹದಿನಾರು ಇಡ್ರಿ."

"ಹಂಗಾದ್ರೆ ಬೇಡ, ಹತ್ತೇ ಇಡ್ತೀನಿ."

"ಏರಿಸ್ತೀನಿ ಅಂದ್ಬಿಟ್ರಲ್ಲ."

ಹಿರಿಯರು ಆಡಿದ ಮಾತು ನುಂಗಲಾರದೆ ಹದಿನಾರು ಇಟ್ಟರು. ಆಮೇಲೆ ದುರುಗೇಶನ ಸರದಿ. ಅವನ ಹತ್ತಿರ ಉಳಿದಿದ್ದದ್ದು ಹದಿನೇಳು. ಅಷ್ಟನ್ನೂ ಬಳಿದು ಮುಂದೆ ನೂಕಿದ.

"ಇದೇನಿದು" ಎಂದರು ರೇವಣಸಿದ್ದಪ್ಪ. "ನಾನು ಎರಡು ಏರಿಸಂಗಿಲ್ಲ, ನೀನು ಒಂದು ಏರಿಸ್ಬೋದಾ?"

"ಇರೋದೆಲ್ಲ ಹಾಕೋನಿಗೆ ಕಮ್ಮಿ ಜಾಸ್ತಿ ಅನ್ನೋದಿಲ್ಲ ಮಾವ."

ಬೀರಪ್ಪನಿಗೆ ತಲೆ ಕೆಟ್ಟಿತು. ಅವನ ಕೈಯಲ್ಲಿ ಎರಡು ಎಕ್ಕ ಇದ್ದವು. ನಾಲ್ಕಕ್ಕೆ ಮುಗಿಯಬೇಕಾದ ವ್ಯವಹಾರ ಒಂದು ಟಗರಿನಿಂದ ಇಲ್ಲಿಗೆ ಬಂದಿತ್ತು. "ಹಂಗಾದ್ರೆ ನಂದೂ ಇರೋದೆಲ್ಲ" ಎಂದು ಗುಡ್ಡೆಯನ್ನೇ ತಳ್ಳಿದ.

ಈಗ ಮತ್ತೆ ಎಲ್ಲರ ಕಣ್ಣು ಚಿತ್ತಪ್ಪನ ಮೇಲೆ. ಎಲೆ ಕೆಳಗಿಟ್ಟರೆ ಆಗಲೇ ರಾಶಿಗೆ ಹೋದ ಹನ್ನೆರಡು ದಿನ ಹೋದವು. ಆಡಿದರೆ ಒಂದು ತಿಂಗಳೇ ಹೋಗಬಹುದು. ಅವನು ಎರಡು ಏಳುಗಳನ್ನು ನೋಡಿದ. ನಾಳೆ ಈ ಹೊತ್ತಿಗೆ ದೀಪಾ ಗೆರೆಯ ಮುಂದೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾಳೆ. ಹಾಗೆ ಮಾಡುತ್ತಾಳೆಂದು ಆ ಹೆಬ್ಬೆರಳಿನ ವಿಡಿಯೊದಲ್ಲೇ ನೋಡಿದ್ದ. ಒಬ್ಬಳೇ ಹೋಗುವುದು ಎದುರು ಏಳು ಜನರೊಳಗೆ. ಸಿಕ್ಕಿಬೀಳುತ್ತೇನೆಂದು ಹೆದರಿ ಗೆರೆಯ ಈಚೆಯೇ ನಿಂತರೆ ಆಟವೆಲ್ಲಿ?

ಅವನು ಗುಡ್ಡೆಯ ಹಿಂದೆ ಎರಡೂ ಕೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದ. ಈ ಸಲ ಬಾಯಿ ಬಿಡಲಿಲ್ಲ.

ಚಿತ್ತಪ್ಪನೇ ಹಾಕಿದ ಮೇಲೆ ತಮ್ಮದೇನು ಎಂದು ರೇವಣಸಿದ್ದಪ್ಪನವರೂ ಮೂವತ್ತು ತುಂಬಿಸಿದರು. ದುರುಗೇಶ ಕಡೆಯ ಎಲೆ ಎಳೆದು ಟವಲಿನ ಮೇಲೆ ಮಗುಚಿದ. ಅದು ಏಳು.

ರೇವಣಸಿದ್ದಪ್ಪನವರದು ರಾಜ ರಾಣಿಯರ ಎರಡು ಜೋಡಿ. ಬೀರಪ್ಪನದು ಎಕ್ಕದ ಜೋಡಿ. ದುರುಗೇಶನದು ಏನೂ ಅಲ್ಲ. ಅವನು ಬಾರದ ಎಲೆಗಾಗಿ ಕಾದಿದ್ದ. ಮೂರು ಏಳು ಇಟ್ಟುಕೊಂಡು ಚಿತ್ತಪ್ಪ ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ.

"ಗೆದ್ರಿ ಚಿತ್ತಣ್ಣ" ಎಂದ ದುರುಗೇಶ ಸಣ್ಣ ದನಿಯಲ್ಲಿ. "ಬೀರಣ್ಣಂದು ಮೂವತ್ತು, ಮಾವಂದು ಮೂವತ್ತು, ನಂದು ಹತ್ತೊಂಬತ್ತು. ಎಪ್ಪತ್ತೊಂಬತ್ತು ದಿನ."

ಸಂಜೆ ಕುರಿಗಳ ಹಿಂದೆ ನಡೆಯುತ್ತಾ ಚಿತ್ತಪ್ಪ ಆ ದಿನಗಳನ್ನು ಏನು ಮಾಡುವುದೆಂದು ಯೋಚಿಸಿದ. ಕಾಯಿಲೆ ಬಿದ್ದ ದಿನ ಬಿಟ್ಟರೆ ಅವನು ಕುರಿ ಇಲ್ಲದೆ ಹಗಲು ಕಳೆದವನೇ ಅಲ್ಲ. ಎಪ್ಪತ್ತೊಂಬತ್ತು ಹಗಲು ಜಗಲಿಯ ಮೇಲೆ ಕೂತರೆ ಹೆಂಡತಿ ಯಲ್ಲಕ್ಕ ಬಿಟ್ಟಾಳೇ? ಮನೆಗೆ ಸುಣ್ಣ, ಮಾಳಿಗೆಗೆ ಮಣ್ಣು, ಒಂದಾದ ಮೇಲೊಂದು ಹುಡುಕಿ ಕೊಡುತ್ತಾಳೆ. ಬೇಡಪ್ಪ, ನಾಳೆಯದೊಂದು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡೋಣ ಎಂದು ತೀರ್ಮಾನಿಸಿದ. ಹಾಗೆ ತೀರ್ಮಾನಿಸಿದ ಮೇಲೆ ಎದೆ ಹಗುರಾಯಿತು. ಕೊಡುವುದು ಅವನಿಗೆ ಅಭ್ಯಾಸವಿದ್ದ ಕೆಲಸ.

ಮನೆ ತಲುಪಿದರೆ ಜಗಲಿ ತುಂಬ ಹೆಂಗಸರು. ನಡುವೆ ಯಲ್ಲಕ್ಕ. ಒಂದು ಕಡೆ ಬೀರಪ್ಪನ ಹೆಂಡತಿ ಓಬಕ್ಕ, ಇನ್ನೊಂದು ಕಡೆ ರೇವಣಸಿದ್ದಪ್ಪನವರ ಹೆಂಡತಿ ಮಲ್ಲಕ್ಕ. ಕಂಬಕ್ಕೆ ಒರಗಿ ಕೋಲು ಹಿಡಿದು ಕೂತವಳು ದುರುಗೇಶನ ತಾಯಿ ಬರಗೇರಮ್ಮ. ಸುದ್ದಿ ಅವನಿಗಿಂತ ಮೊದಲೇ ಏರು ಇಳಿದು ಬಂದಿತ್ತು.

"ಬಾರಪ್ಪ" ಎಂದಳು ಓಬಕ್ಕ. "ನನ್ನ ಮೂವತ್ತು ದಿನ ಗೆದ್ಯಂತೆ."

"ನಿಂದಲ್ಲಕ್ಕ, ಬೀರಣ್ಣಂದು."

"ಬೀರಣ್ಣ ಕುರಿ ಹಿಂದೆ ಹೋಗಿದ್ದ ಯಾವತ್ತು ನೋಡಿದೀಯ? ಹೋದ ವರ್ಷ ಕಾಲು ಉಳುಕಿದ್ದೇ ನೆಪ, ಅವತ್ತಿಂದ ನಾನೇ ಹೋಗ್ತಿರೋದು. ಈಗ ನಿನ್ನ ಕುರೀನೂ ಯಾರು ಕಾಯ್ಬೇಕು?"

ಚಿತ್ತಪ್ಪನಿಗೆ ಆಗ ಹೊಳೆಯಿತು. ಮಟಮಟ ಮಧ್ಯಾಹ್ನ ಮೂವರು ಕುರಿಗಾರರು ಕುರಿಯಿಲ್ಲದೆ ಹೊಂಗೆಮರದ ಕೆಳಗೆ ಕೂತಿದ್ದರು. ಅವರ ಕುರಿಗಳು ಆಗ ಎಲ್ಲಿದ್ದವು ಎಂದು ಅವನಿಗೆ ಕೇಳಬೇಕೆನಿಸಿರಲಿಲ್ಲ.

"ನಮ್ಮೆಜಮಾನ್ರು ಪಂಚಾಯ್ತಿ ಕಟ್ಟೆ ಬಿಟ್ಟು ಎದ್ದೇ ಇಲ್ಲ" ಎಂದಳು ಮಲ್ಲಕ್ಕ. "ಅವರ ಮಂಡಿ ನೋವಿಗೆ ನನ್ನ ಮಂಡಿ ಸವೀತಾ ಐತೆ."

ಬರಗೇರಮ್ಮ ಕೋಲು ಕುಟ್ಟಿ, "ನಂಗೆ ಎಪ್ಪತ್ತು ದಾಟೈತೆ, ನಮ್ಮ ಕುರಿ ಹಿಂದೆ ಹೋಗೋಳೂ ನಾನೇ. ಹತ್ತೊಂಬತ್ತು ದಿನ ಕಟ್ಟಿ ಬಂದವ್ನೆ ನನ್ಮಗ. ನಾನು ಇರ್ತೀನೋ ಇಲ್ವೋ ಒಂದು ಮಾತು ಕೇಳಿದ್ನಾ" ಎಂದಳು.

ಚಿತ್ತಪ್ಪ ಕೈಮುಗಿದ. "ಬೇಡ ಕಣ್ರವ್ವ. ನಂಗೆ ನಾಳೆ ಒಂದಿನ ಸಾಕು. ಉಳಿದದ್ದೆಲ್ಲ ಬಿಟ್ಟೆ."

ಆಗ ಯಲ್ಲಕ್ಕ ಬಾಯಿ ಬಿಟ್ಟಳು. "ನಾಳೆ ಒಂದಿನ ಓಬಕ್ಕ ಬೆಳಿಗ್ಗೇನೇ ಕೊಟ್ಟಿದ್ಳು. ನೀನು ಗಂಡಸರ ಮನೆ ಮುಂದೆ ನಿಂತು ಗಂಟಲು ಸರಿಮಾಡ್ಕೊಳ್ತಿದ್ದೆಯಲ್ಲ, ಆಗ ನಾನು ಹಿತ್ತಲಾಗೆ ಅವಳನ್ನ ಕೇಳ್ದೆ. ಆಗ್ಲಿ ಹೋಗ್ಬರ್ರಿ, ಮಗಳು ಆಡೋದು ನೋಡ್ಕಂಡು ಬರ್ರಿ ಅಂದ್ಳು. ಪ್ರತಿಯಾಗಿ ಏನೂ ಕೇಳ್ಲಿಲ್ಲ."

ಚಿತ್ತಪ್ಪ ಜಗಲಿಯ ಅಂಚಿನಲ್ಲಿ ಕೂತ. ಕೇಳಿದ್ದರೆ ಪುಕ್ಕಟೆ ಸಿಗುತ್ತಿದ್ದ ಒಂದು ದಿನಕ್ಕಾಗಿ ಅವನು ಒಂದು ತಿಂಗಳು ಪಣ ಇಟ್ಟಿದ್ದ. ಕೇಳಿದ್ದೂ ಯಾರನ್ನು ಕೇಳಬೇಕೋ ಅವರನ್ನಲ್ಲ.

"ಹಂಗಾರೆ ಓಬಕ್ಕ, ನಾಳೆ..." ಎಂದು ತಲೆಯೆತ್ತಿದ.

"ನಾಳೆ ನಾನು ಕುರಿ ಕಾಯಲ್ಲ" ಎಂದಳು ಓಬಕ್ಕ. "ನಾನೂ ದುರ್ಗಕ್ಕೆ ಬರ್ತೀನಿ. ಕಬಡ್ಡಿ ನೋಡ್ತೀನಿ. ಒಬ್ಳೇ ಅಲ್ಲ, ನಾಲ್ಕೂ ಜನ ಬರ್ತೀವಿ. ಹೆಂಗೂ ಬಸ್ಸು ನಮಗೆ ಫ್ರೀ. ನಾಲ್ಕು ಮನೆ ಕುರೀನೂ ಸೋತ ಗಂಡಸ್ರು ಮೂರು ಜನ ಕಾಯ್ಲಿ, ಗೆದ್ದದ್ರಲ್ಲಿ ಒಂದು ದಿನಾನೂ ಬಿಡ್ಬೇಡ. ಆಡಿದ ಮಾತಿಂದ ಹಿಂದೆ ಸರಿಯಂಗಿಲ್ವಂತಲ್ಲ ನಿಮ್ಮ ಆಟದಾಗೆ? ನೀನು ಗೆದ್ದೋನು. ನೀನೂ ಬಾ."

ಬೀರಪ್ಪ ಗೋಡೆಯ ಆಚೆಯಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಕೆಮ್ಮಿದ, ಆದರೆ ಈಚೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಚಿತ್ತಪ್ಪ ಬಿಳಿ ಅಂಗಿ ತೊಟ್ಟ. ಮದುವೆ ಮುಂಜಿಗೆಂದು ಪೆಟ್ಟಿಗೆಯಲ್ಲಿಟ್ಟದ್ದು, ಮಡಿಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಸರ್ವಿಸ್ ರಸ್ತೆಯ ಐಮಂಗಲ ಬಸ್ ನಿಲ್ದಾಣದಲ್ಲಿ ನಾಲ್ವರು ಹೆಂಗಸರು ಆಧಾರ್ ಕಾರ್ಡು ಹಿಡಿದು ನಿಂತಿದ್ದರು. ಯಲ್ಲಕ್ಕನ ಕೈಯಲ್ಲಿ ಎಲ್ಲರಿಗೂ ಆಗುವಷ್ಟು ರೊಟ್ಟಿಯ ಗಂಟು. ಬರಗೇರಮ್ಮ ಹೊಸ ಸೀರೆ ಉಟ್ಟು, ಕಬಡ್ಡಿಯಲ್ಲಿ ಸತ್ತವರನ್ನು ಮತ್ತೆ ಎಬ್ಬಿಸುತ್ತಾರಂತೆ, ಅದು ಹೇಗೆ ಎಂದು ಕೇಳುತ್ತಿದ್ದಳು. ಚಿತ್ತಪ್ಪ ವಿವರಿಸುತ್ತಿದ್ದ. ಅಷ್ಟು ಖುಷಿಯಾಗಿ ಅವನು ಮಾತಾಡಿದ್ದನ್ನು ಯಲ್ಲಕ್ಕ ಈಚೆಗೆ ಕೇಳಿರಲಿಲ್ಲ.

ಬಸ್ಸು ಬಂತು. ಹೆಂಗಸರು ಹತ್ತಿ ಕೂತರು. ಚಿತ್ತಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಆಗ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು, ತನ್ನ ಟಗರಿನ ಕೊರಳ ಗಂಟೆ.

ತಿರುಗಿ ನೋಡಿದ. ಹಟ್ಟಿಯ ದಾರಿಯಲ್ಲಿ ನಾಲ್ಕು ಮನೆಯ ಕುರಿಗಳು ಒಂದಾಗಿ, ಕೆರೆಯೇರಿ ಒಡೆದ ನೀರಿನ ಹಾಗೆ ಹೆದ್ದಾರಿಯ ಕಡೆ ನುಗ್ಗಿ ಬರುತ್ತಿದ್ದವು. ನಾಲ್ಕು ರೊಪ್ಪಗಳ ಬಾಗಿಲನ್ನೂ ಒಟ್ಟಿಗೆ ತೆಗೆದರೆ ಕೆಲಸ ಬೇಗ ಮುಗಿಯುತ್ತದೆಂದು ದುರುಗೇಶ ಲೆಕ್ಕ ಹಾಕಿದ್ದನಂತೆ. ಕೂಗಿದರೆ ಕುರಿಗಳು ಕಿವಿಗೊಡದ್ದರಿಂದ ಬೈಕಿನ ಹಾರನ್ ಬಾರಿಸಿದ್ದನಂತೆ. ಬೀರಪ್ಪ ಒಂದು ಕಡೆ ಕೈ ಚಾಚಿ ಓಡುತ್ತಿದ್ದ, ಪಂಚೆ ಇನ್ನೊಂದು ಕಡೆ ಹೋಗುತ್ತಿತ್ತು. ರೇವಣಸಿದ್ದಪ್ಪನವರು ತುಂಬಾ ಹಿಂದೆ, ಪಂಚಾಯ್ತಿಯಲ್ಲಿ ಮಾತಾಡುವ ಹಾಗೆ ಕೈ ಎತ್ತಿ "ನಿಲ್ರಿ, ನಿಲ್ರಿ" ಎನ್ನುತ್ತಿದ್ದರು. ಕುರಿಗಳಿಗೆ ಆ ಮೂವರೂ ಅಪರಿಚಿತರು.

ಸರ್ವಿಸ್ ರಸ್ತೆಯ ಆಚೆಗೆ ಒಂದು ಮೋಟುಗೋಡೆ, ಅದರಾಚೆ ಲಾರಿಗಳು.

"ನಮ್ಮ ಕುರಿ" ಎಂದು ಓಬಕ್ಕ ಕಿಟಕಿಯಲ್ಲಿ ನೋಡಿ ಎದ್ದೇಬಿಟ್ಟಳು. ರವಿಕೆಯ ತೋಳು ಸರಿಪಡಿಸಿಕೊಂಡು ಬಾಗಿಲಿಗೆ ಬಂದಳು. ಮಲ್ಲಕ್ಕನೂ ಎದ್ದಳು.

"ಬರ್ತೀರೇನ್ರಿ, ಇಲ್ವೇನ್ರಿ?" ಎಂದ ಕಂಡಕ್ಟರು.

ಚಿತ್ತಪ್ಪ ಮೆಟ್ಟಿಲ ಮೇಲಿದ್ದ ಕಾಲನ್ನು ಕೆಳಗಿಟ್ಟ. ಓಬಕ್ಕನ ಮುಖ ನೋಡಿದ. ತಲೆ ಬಾಚಿ ಹೂ ಮುಡಿದಿದ್ದಳು. ಅವಳು ಕುರಿಯ ಹಿಂದಲ್ಲದೆ ಬೇರೆಲ್ಲಿಗಾದರೂ ಹೊರಟದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ.

"ನೀ ಇಳೀಬೇಡಕ್ಕ. ಕುಂತ್ಕ" ಎಂದ. "ನಾನು ನೋಡ್ಕಂತೀನಿ."

ಯಲ್ಲಕ್ಕ ಕಿಟಕಿಯಿಂದ ಗಂಡನನ್ನೇ ನೋಡಿದಳು. ರೊಟ್ಟಿಯ ಗಂಟನ್ನು ಕಿಟಕಿಯಿಂದ ಅವನ ಕೈಗೆ ಕೊಟ್ಟಳು. "ನಾವು ಅಲ್ಲೇ ಏನಾರ ತಿಂತೀವಿ."

"ನೋಡ್ಕಂಡು ಬಂದು ಹೇಳು. ಏನೂ ಬಿಡ್ದಂಗೆ" ಎಂದ ಚಿತ್ತಪ್ಪ.

ಬಸ್ಸು ಹೊರಟಿತು. ಅವನು ಬಿಳಿ ಅಂಗಿಯಲ್ಲೇ ರಸ್ತೆಯ ನಡುವೆ ನಿಂತು ನಾಲಗೆ ಮಡಚಿ ಕೂಗು ಹಾಕಿದ. ಮುಂದಿದ್ದ ಟಗರು ನಿಂತಿತು, ಕತ್ತು ಹೊರಳಿಸಿತು, ಓಡಿ ಬಂದು ಅವನ ಅಂಗಿಗೆ ಮೂತಿ ಉಜ್ಜಿತು. ಅದರ ಹಿಂದೆ ಅವನ ಕುರಿಗಳು, ಅವುಗಳ ಹಿಂದೆ ಅವನು ಹಿಂದೆಂದೋ ಕಾಯ್ದುಕೊಟ್ಟಿದ್ದ ಮೂರೂ ಮನೆಯ ಕುರಿಗಳು. ಅವು ಅವನನ್ನು ಮರೆತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ನಾಲ್ವರೂ ಬೋರೆಯ ಮೇಲಿದ್ದರು. ಚಿತ್ತಪ್ಪ ಕುರಿಗಳ ಸುತ್ತ ತಿರುಗುತ್ತಿದ್ದ, ಉಳಿದವರು ನೆರಳಲ್ಲಿದ್ದರು. ಮಧ್ಯಾಹ್ನ ವಿಡಿಯೊ ಕರೆ ಬಂತು. ಯಲ್ಲಕ್ಕನ ಫೋನು ಓಬಕ್ಕನ ಕೈಯಲ್ಲಿತ್ತು. ಓಬಕ್ಕ ಅದನ್ನು ಕಿವಿಗೆ ಹಿಡಿದುಕೊಂಡಿದ್ದಳು. ಚಿತ್ತಪ್ಪನ ಪರದೆಯ ತುಂಬ ಅವಳ ಕಿವಿ, ಓಲೆ, ಎಣ್ಣೆ ಹಚ್ಚಿದ ಕೂದಲು.

"ಫೋನು ಮುಂದಕ್ಕೆ ಹಿಡಿಯಕ್ಕ."

"ಕೇಳ್ಸಲ್ಲಪ್ಪ, ಗಲಾಟೆ. ದೀಪಾ ಹೋದ್ಳು ನೋಡು. ಹಿಡ್ಕಂಡ್ರು. ಮೂರು ಜನ ಹಿಡ್ಕಂಡ್ರು. ಅಯ್ಯೋ, ಬಿಡ್ರೇ ಹುಡ್ಗೀನ."

ಓಲೆ ಜೋರಾಗಿ ಅಲುಗಾಡಿತು. ಆಮೇಲೆ ಆಕಾಶ, ಯಾರದೋ ಸೀರೆಯ ಸೆರಗು, ಬರಗೇರಮ್ಮನ ಕೋಲು. ಒಂದು ದೊಡ್ಡ ಕೂಗು ಎದ್ದು ಬಂತು. ಚಿತ್ತಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ಉಸಿರು ಬಿಡಲಿಲ್ಲ. ಕೊನೆಗೆ ಮಣ್ಣು ಮೆತ್ತಿದ ಮುಖವೊಂದು ಪರದೆಗೆ ಬಂತು. ಏದುಸಿರು ಬಿಡುತ್ತಿತ್ತು.

"ಅಪ್ಪ, ಗೆದ್ವಿ. ಗೆರೆ ಮುಟ್ಟಿದ್ದು ನೋಡಿದ್ಯಾ?"

"ನೋಡ್ದೆ ಮಗಳೇ" ಎಂದ ಚಿತ್ತಪ್ಪ. "ಚೆನ್ನಾಗ್ ಮುಟ್ದೆ."

ಫೋನು ಇಟ್ಟಮೇಲೂ ಅವನು ಸ್ವಲ್ಪ ಹೊತ್ತು ಖಾಲಿ ಪರದೆಯನ್ನು ನೋಡುತ್ತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು.

"ಒಳ್ಳೇದಾತು ಬಿಡ್ರಿ ಚಿತ್ತಣ್ಣ" ಎಂದ ದುರುಗೇಶ ನೆರಳಿನಿಂದ. ಮೈ ಮುರಿದು ಆಕಳಿಸಿದ. "ನಮ್ದೂ ಒಂದು ದಿನ ತೀರ್ತು. ನಾವು ಮೂರು ಜನ ಬಂದೀವಿ, ಅಂದ್ರೆ ಮೂರು ದಿನ ತೀರ್ತು. ಇನ್ನು ಎಪ್ಪತ್ತಾರು."

ಬೀರಪ್ಪನೂ ರೇವಣಸಿದ್ದಪ್ಪನವರೂ ಲೆಕ್ಕ ಸರಿಯಾಗಿದೆ ಎನ್ನುವಂತೆ ತಲೆ ಆಡಿಸಿದರು. "ಎಪ್ಪತ್ತಾರು ದಿನಾನೂ ಬರ್ತೀವಪ್ಪ. ಆಡಿದ ಮಾತು ತಪ್ಪೋರಲ್ಲ ನಾವು" ಎಂದರು ಹಿರಿಯರು. "ನೀನು ಮಾತ್ರ ಜೊತೆಗಿದ್ದುಬಿಡು."

ಚಿತ್ತಪ್ಪ ಅವರನ್ನು ಒಬ್ಬೊಬ್ಬರಾಗಿ ನೋಡಿದ. "ಆಗ್ಲಿ ಬಿಡ್ರಿ" ಎಂದ. ಅಂಗಿಯ ತೋಳು ಮಡಚಿ, ಕುರಿಗಳಿಗೆ ನೀರು ಕುಡಿಸಲು ಹಳ್ಳದ ಕಡೆ ಹೆಜ್ಜೆ ಹಾಕಿ ಒಂದು ಕೂಗು ಹಾಕಿದ. ಕುರಿಗಳೆಲ್ಲ ತಲೆಯೆತ್ತಿ ಅವನ ಹಿಂದೆ ಹೊರಟವು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಬೀರಪ್ಪ, ದುರುಗೇಶ, ರೇವಣಸಿದ್ದಪ್ಪ ಮೂವರೂ ಧೂಳಿನಲ್ಲಿ ಕುರಿಗಳ ಬೆನ್ನಿಗೇ ಬರುತ್ತಿದ್ದರು. ರೊಟ್ಟಿಯ ಗಂಟು ಅವನ ಹೆಗಲ ಮೇಲಿತ್ತು.